ಪ್ರಯೋಗಾಲಯವಿಲ್ಲದ ಶಾಲೆಯಲ್ಲಿ ಆಟದ ಹಿಂದಿನ ಭೌತವಿಜ್ಞಾನ ಕಲಿಸುವುದು ಹೇಗೆ?

ಶಾಲೆಗೆ ಮೈದಾನವಿದೆ, ಪ್ರಯೋಗಾಲಯವಿಲ್ಲ, 9ನೇ ತರಗತಿಗೆ ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ. ನಾನೂ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. 30 ಸೆಂಟಿಮೀಟರಿನ ಸ್ಕೇಲಿನಿಂದ ಶುರುಮಾಡಿ ಎನ್ನುತ್ತೇನೆ.

ಒಬ್ಬರು ಸ್ಕೇಲಿನ ಮೇಲ್ತುದಿ ಹಿಡಿದು ನೇರವಾಗಿ ಇಳಿಬಿಡಲಿ. ಇನ್ನೊಬ್ಬರು ಕೆಳಗೆ ಸೊನ್ನೆಯ ಗೆರೆಯ ಬಳಿ ಎರಡು ಬೆರಳುಗಳನ್ನು ತಾಗದಂತೆ ಅಗಲಿಸಿಟ್ಟುಕೊಳ್ಳಲಿ. ಮುನ್ಸೂಚನೆ ಕೊಡದೆ ಸ್ಕೇಲನ್ನು ಬಿಡಬೇಕು, ಕೆಳಗಿನವರು ಹಿಡಿಯಬೇಕು. ಬೆರಳು ಎಲ್ಲಿ ಬಿತ್ತೋ ಆ ದೂರವನ್ನು ಮೀಟರಿಗೆ ತಂದು, ದುಪ್ಪಟ್ಟು ಮಾಡಿ, 9.8ರಿಂದ (ಗುರುತ್ವದ ವೇಗೋತ್ಕರ್ಷ) ಭಾಗಿಸಿ ವರ್ಗಮೂಲ ತೆಗೆದರೆ ಪ್ರತಿಕ್ರಿಯೆಗೆ ಹಿಡಿದ ಕಾಲ ಸಿಗುತ್ತದೆ. 20 ಸೆಂ.ಮೀ. ಎಂದರೆ ಸುಮಾರು 0.2 ಸೆಕೆಂಡು. ಮುಕ್ತ ಪತನದ ಸಮೀಕರಣವನ್ನು ಬಾಯಿಪಾಠ ಮಾಡಿ ಮರೆಯುತ್ತಿದ್ದ ಮಕ್ಕಳು ತಮ್ಮದೇ ಅಂಕಿ ಬೇಕೆಂದು ಪೆನ್ಸಿಲು ಹಿಡಿದು ಕೂರುವುದನ್ನು ನೀವೇ ನೋಡುತ್ತೀರಿ.

ಆಮೇಲೆ ಓಟದ ನಿಯಮ ಹೇಳಿ: ಪಿಸ್ತೂಲಿನ ಸದ್ದಾದ 0.1 ಸೆಕೆಂಡಿನೊಳಗೆ ಹೊರಟರೆ ಅದು ತಪ್ಪು ಆರಂಭ. ಅಷ್ಟರಲ್ಲಿ ಸ್ಕೇಲು ಬೀಳುವುದು 5 ಸೆಂ.ಮೀ. ಮಾತ್ರ. 2009ರಲ್ಲಿ ಬರ್ಲಿನ್‌ನಲ್ಲಿ ನೂರು ಮೀಟರ್ ಓಟದಲ್ಲಿ 9.58 ಸೆಕೆಂಡಿನ ದಾಖಲೆ ಬರೆದ ಉಸೇನ್ ಬೋಲ್ಟ್‌ಗೆ ಸದ್ದಿಗೆ ಸ್ಪಂದಿಸಲು 0.146 ಸೆಕೆಂಡು ಹಿಡಿದಿತ್ತು. ಸ್ಕೇಲಿನ ಲೆಕ್ಕದಲ್ಲಿ ಹತ್ತು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. (ಕಣ್ಣಿಗಿಂತ ಕಿವಿಯ ಪ್ರತಿಕ್ರಿಯೆ ಚುರುಕು, ಹಾಗಾಗಿ ಹೋಲಿಕೆ ಪೂರ್ತಿ ಸಮವಲ್ಲ ಎಂಬುದನ್ನೂ ಹೇಳಿಬಿಡಿ. ಜಾಣ ಮಕ್ಕಳು ಕೇಳಿಯೇ ಕೇಳುತ್ತಾರೆ.) ಕ್ರಿಕೆಟ್‌ನಲ್ಲಿ ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬ್ಯಾಟಿನ ಹತ್ತಿರ ಬರಲು ಸುಮಾರು ಅರ್ಧ ಸೆಕೆಂಡು. ಅದರಲ್ಲಿ 0.2 ಕಳೆಯಲು ಹೇಳಿ. ಉಳಿದ ಚೂರು ಸಮಯದಲ್ಲಿ ಬ್ಯಾಟು ಬೀಸಿ ಮುಗಿಸಬೇಕು ಎಂದು ತಿಳಿದಾಗ ತರಗತಿಯೇ ಬೆರಗಾಗುತ್ತದೆ.

ಮರುದಿನ ಮೈದಾನಕ್ಕೆ ಹೋಗಿ. ನೂರು ಮೀಟರ್ ಓಟದ ದಾರಿಯಲ್ಲಿ ಪ್ರತಿ 20 ಮೀಟರಿಗೆ ಒಬ್ಬರು ಸ್ಟಾಪ್‌ವಾಚ್ ಹಿಡಿದು ನಿಲ್ಲಲಿ. ಇದಕ್ಕೆ ಶಿಕ್ಷಕರ ಮೊಬೈಲುಗಳು ಸಾಕು. ದೂರ–ಕಾಲದ ನಕ್ಷೆ ಬಿಡಿಸಿದರೆ ಸರಾಸರಿ ಜವಕ್ಕೂ ಆಯಾ ಕ್ಷಣದ ಜವಕ್ಕೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬೋಲ್ಟ್‌ನ ಸರಾಸರಿ ಸೆಕೆಂಡಿಗೆ 10.4 ಮೀಟರ್, 60ರಿಂದ 80 ಮೀಟರಿನ ನಡುವೆ ಅದು 12 ದಾಟಿತ್ತು.

ಖೋ-ಖೋ ಆಟದಲ್ಲಿ ಕಂಬ ಹಿಡಿದು ತಿರುಗುವುದೇಕೆ, ಕಬಡ್ಡಿಯಲ್ಲಿ ದಾಳಿಗೆ ಹೋದವರು ಬಗ್ಗುವುದೇಕೆ ಎಂದು ಕೇಳಿ, ಮಕ್ಕಳೇ ಉತ್ತರ ಹುಡುಕಲಿ. ಕೇಂದ್ರಾಭಿಮುಖ ಬಲ, ಗುರುತ್ವ ಕೇಂದ್ರ ಎಂಬ ಹೆಸರುಗಳು ಕೊನೆಗೆ ಬಂದರೆ ಸಾಕು. ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆಳೆದುಕೊಳ್ಳುವ ಉದಾಹರಣೆ ಪಠ್ಯಪುಸ್ತಕದಲ್ಲೇ ಇದೆ. ಅದನ್ನು ಓದಿಸುವ ಮೊದಲು ಟೆನಿಸ್ ಚೆಂಡು ಎಸೆದು ಎರಡೂ ಬಗೆಯಲ್ಲಿ ಹಿಡಿಸಿ.

ಚೆಂಡಿನ ಸ್ವಿಂಗ್ ಅನ್ನು (ಗಾಳಿಯಲ್ಲೇ ಪಕ್ಕಕ್ಕೆ ಬಾಗುವುದನ್ನು) ಮಾತ್ರ ಸದ್ಯ ಮುಟ್ಟಬೇಡಿ. ತೇವದ ಗಾಳಿ ಭಾರ, ಅದಕ್ಕೇ ಚೆಂಡು ಬಾಗುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನೀರಿನ ಅಣುಭಾರ 18, ಒಣಗಾಳಿಯ ಸರಾಸರಿ ಸುಮಾರು 29. ಅದೇ ತಾಪ, ಅದೇ ಒತ್ತಡದಲ್ಲಿ ತೇವದ ಗಾಳಿಯೇ ಹಗುರ. ಅಣುಭಾರದ ಪಾಠ ಬಂದಾಗ ಈ ಪ್ರಶ್ನೆಯನ್ನು ಮಕ್ಕಳ ಮುಂದಿಡಿ.