ಹಳೆಯ ದಿನಪತ್ರಿಕೆಯ ಚೀಲದ ತಳ ಬಿಚ್ಚಿಕೊಳ್ಳದಂತೆ ಮಾಡುವುದು ಹೇಗೆ?

ಹತ್ತು ವರ್ಷದ ಮಗಳೊಂದಿಗೆ ಹಳೆಯ ದಿನಪತ್ರಿಕೆಯಲ್ಲಿ ಚೀಲ ಮಾಡಿದಿರಿ, ಎರಡು ಪುಸ್ತಕ ಇಟ್ಟು ಎತ್ತಿದ ಕೂಡಲೇ ಅದರ ತಳ ಬಿಚ್ಚಿಕೊಂಡಿತು, ಇದು ಕಾಗದದ ದೋಷವೇ ಎಂದು ಕೇಳಿದ್ದೀರಿ. ಕಾಗದಕ್ಕಿಂತ ಅಂಟು ಮತ್ತು ತಳದ ಮಡಿಕೆಗಳೇ ಇಲ್ಲಿ ಮುಖ್ಯ. ಸಾಗರದ ಹತ್ತಿರ ನಮ್ಮ ಅಜ್ಜನಿಗೆ ದಿನಸಿ ಅಂಗಡಿಯಿತ್ತು. ಬೇಸಿಗೆ ರಜೆಯಲ್ಲಿ ಮಕ್ಕಳೆಲ್ಲ ಜಗಲಿಯಲ್ಲಿ ಕುಳಿತು ಕಾಗದದ ಚೀಲ ಅಂಟಿಸುತ್ತಿದ್ದೆವು. ಅಜ್ಜ ಪ್ರತಿ ಕಟ್ಟಿನಿಂದ ಒಂದನ್ನು ಎಳೆದು, ಒಂದು ಕಿಲೋ ಅಕ್ಕಿ ಸುರಿದು ಎತ್ತಿ ನೋಡಿದ ಮೇಲೆಯೇ ಉಳಿದವನ್ನು ಒಳಗಿಡುತ್ತಿದ್ದರು.

ಮೊದಲು ಅಂಟಿನ ವಿಷಯ. ಎರಡು ದೊಡ್ಡ ಚಮಚ ಮೈದಾವನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಲೋಟ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಹಿಟ್ಟಿನ ಬಿಳುಪು ಹೋಗಿ ಹೊಳಪು ಬಂದಾಗ ಅಂಟು ಬೆಂದಿದೆ ಎಂದರ್ಥ. ಹಸಿ ಹಿಟ್ಟು ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಪೂರ್ತಿ ಆರಿದ ನಂತರವೇ ಬಳಸಿ ಮತ್ತು ತೆಳ್ಳಗೆ ಹಚ್ಚಿ. ಹೆಚ್ಚು ಹಚ್ಚಿದಷ್ಟೂ ಗಟ್ಟಿಯಾಗುತ್ತದೆ ಎಂಬುದು ತಪ್ಪು ಭಾವನೆ, ಏಕೆಂದರೆ ಪತ್ರಿಕೆಯ ಕಾಗದ ನೀರನ್ನು ಬೇಗ ಹೀರಿಕೊಂಡು, ಮೆತ್ತಗಾಗಿ, ಮಡಿಕೆಯಲ್ಲಿಯೇ ಹರಿದುಹೋಗುತ್ತದೆ. ಹುಳು ಬಾರದಿರಲೆಂದು ಕೆಲವರು ಈ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳು ಕೈ ಹಾಕುವ ಕೆಲಸದಲ್ಲಿ ದಯವಿಟ್ಟು ಬೇಡ.

ಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡಲಾಗಿ ಹರಿದರೆ ಡೊಂಕಾಗಿ ಹರಿಯುತ್ತದೆ. ಕಾಗದದ ನಾರುಗಳು ಹೆಚ್ಚಾಗಿ ಅಂಕಣಗಳು ಓಡುವ ದಿಕ್ಕಿನಲ್ಲಿಯೇ ಮಲಗಿರುವುದು ಇದಕ್ಕೆ ಕಾರಣ. ಆ ದಿಕ್ಕಿನಲ್ಲಿ ಎಳೆದಾಗ ಕಾಗದ ಹೆಚ್ಚು ತಡೆದುಕೊಳ್ಳುವುದರಿಂದ ಅಂಕಣಗಳು ಚೀಲದ ಎತ್ತರಕ್ಕೆ ಬರುವಂತೆ ಇಟ್ಟುಕೊಳ್ಳಿ.

ಬಿಡಿಸಿದ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು 62 ಸೆಂಟಿಮೀಟರ್ ಅಗಲ, 52 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಅಂಚುಗಳನ್ನಷ್ಟೇ ಅಂಟಿಸಿ. ಅಗಲದಲ್ಲಿ ಕ್ರಮವಾಗಿ 20, 10, 20, 10 ಸೆಂಟಿಮೀಟರಿಗೆ ಮಡಿಕೆ ಹಾಕಿದರೆ ಅಂಟಿಸಲು 2 ಸೆಂಟಿಮೀಟರಿನ ಪಟ್ಟಿ ಉಳಿಯುತ್ತದೆ. ಎತ್ತರದಲ್ಲಿ ಮೇಲಿನ 5 ಸೆಂಟಿಮೀಟರ್ ಬಾಯಿಗೆ, ಕೆಳಗಿನ 7 ಸೆಂಟಿಮೀಟರ್ ತಳಕ್ಕೆ. ಮಡಿಕೆಗಳನ್ನು ಚಮಚದ ಬೆನ್ನಿನಿಂದ ಬಲವಾಗಿ ಉಜ್ಜಿ.

ನಿಮ್ಮ ಚೀಲ ಸೋತದ್ದು ತಳದಲ್ಲಿ. ಲಕೋಟೆಯ ಬಾಯಿಯಂತೆ ಒಂದೇ ಸಲ ಮಡಿಸಿ ಅಂಚಿಗಷ್ಟೇ ಅಂಟು ಹಚ್ಚಿದರೆ ಇಡೀ ಭಾರವನ್ನು ಆ ಸಣ್ಣ ಗೆರೆಯೇ ಹೊರಬೇಕಾಗುತ್ತದೆ. ಅದರ ಬದಲು ಚೀಲವನ್ನು ಪೆಟ್ಟಿಗೆಯಂತೆ ತೆರೆದು, ಮೊದಲು ಎರಡು ಕಿರಿದಾದ ಬದಿಗಳನ್ನು ಒಳಕ್ಕೆ ಮಡಿಸಿ, ಅವುಗಳ ಮೇಲೆ ಅಗಲವಾದ ಬದಿಗಳನ್ನು ಒಂದಾದ ಮೇಲೊಂದು ತನ್ನಿ. ತಳದ ಆಳ 10 ಸೆಂಟಿಮೀಟರ್, ಎರಡೂ ಬದಿಗಳು ಸೇರಿ 14; ಹೀಗೆ 4 ಸೆಂಟಿಮೀಟರ್ ಒಂದರ ಮೇಲೊಂದು ಕೂರುತ್ತದೆ. ಕಾಗದ ಕಾಗದವನ್ನು ಮುಟ್ಟುವ ಎಲ್ಲ ಜಾಗಕ್ಕೂ ಅಂಟು ಬೇಕು. ಇಂಥ ಚಪ್ಪಟೆ ತಳವನ್ನು ಮಡಿಸಿ ಅಂಟಿಸುವ ಯಂತ್ರಕ್ಕೆ ಅಮೆರಿಕದ ಮಾರ್ಗರೆಟ್ ನೈಟ್ ಎಂಬ ಮಹಿಳೆ 1871ರಲ್ಲಿ ಪೇಟೆಂಟ್ ಪಡೆದರೆಂಬುದನ್ನು ಮಗಳಿಗೆ ಹೇಳಿ. ಅವಳಿಗೆ ಖಂಡಿತ ಹಿಡಿಸುತ್ತದೆ. ಕೊನೆಗೆ 19.5 ಸೆಂಟಿಮೀಟರ್ ಉದ್ದ, 9.5 ಸೆಂಟಿಮೀಟರ್ ಅಗಲದ ರಟ್ಟನ್ನು ಒಳಗಿನಿಂದ ತಳಕ್ಕೆ ಅಂಟಿಸಿ, ಮೇಲೆ ದಪ್ಪ ಪುಸ್ತಕವಿಟ್ಟು ರಾತ್ರಿಯಿಡೀ ನೆರಳಿನಲ್ಲಿ ಒಣಗಲು ಬಿಡಿ.

ಬಾಯಿಯ ಮಡಿಕೆಯೊಳಗೂ ಹಳೆಯ ಮದುವೆ ಕರೆಯೋಲೆಯ ಪಟ್ಟಿಯನ್ನು ಸೇರಿಸಿ, ಆ ಪಟ್ಟಿಯನ್ನೂ ಹಾಯುವಂತೆ ತೂತು ಮಾಡಿ ಸೆಣಬಿನ ಹುರಿ ಪೋಣಿಸಿ, ಒಳಗಡೆ ಗಂಟು ಹಾಕಿದರೆ ಹಿಡಿಕೆ ಸಿದ್ಧ.

ಬಜ್ಜಿ, ಬೋಂಡದಂಥ ತಿಂಡಿಗಳನ್ನು ಮಾತ್ರ ಇದರಲ್ಲಿ ಹಾಕಬೇಡಿ. ಮುದ್ರಣದ ಶಾಯಿ ಆಹಾರಕ್ಕೆ ಇಳಿಯುವುದರಿಂದ ದಿನಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ; ಅಜ್ಜನ ಕಾಲದ ಆ ಪದ್ಧತಿಯನ್ನು ನಮ್ಮ ಮನೆಯಲ್ಲಿಯೂ ಕೈಬಿಟ್ಟಿದ್ದೇವೆ. ಬಟ್ಟೆ, ಪುಸ್ತಕ, ಬಾಗಿನದ ಬಳೆ ಮತ್ತು ರವಿಕೆ ಕಣಗಳಿಗೆ ಈಗಲೂ ಇವನ್ನೇ ಬಳಸುತ್ತೇವೆ. ಸುಮಾರು ಎರಡು ಕಿಲೋ ಪುಸ್ತಕಗಳನ್ನು ಇಂಥ ಚೀಲದಲ್ಲಿ ಹೊತ್ತು ತಂದಿದ್ದೇನೆ. ನೀವು ಮೊದಲ ಚೀಲಕ್ಕೆ ಒಂದು ಕಿಲೋ ಅಕ್ಕಿಯ ಪೊಟ್ಟಣವಿಟ್ಟು ಪರೀಕ್ಷಿಸಿ, ತಳದ ಮೂಲೆಗಳು ಬಾಯಿ ಬಿಟ್ಟರೆ ಅಲ್ಲಿಗೆ ಇನ್ನೊಂದು ಕಾಗದದ ತೇಪೆ ಹಾಕಿ.