ಬಿನ್ ಲಾಡೆನ್ ಸತ್ತ ರಾತ್ರಿ ನಮಗೇನನ್ನಿಸಿತು

ನ್ಯೂಜೆರ್ಸಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಸೆಪ್ಟೆಂಬರ್ 11ರ ಮೌನಾಚರಣೆ ಮುಗಿದ ಮೇಲೆ ಆಫೀಸಿನವರೊಬ್ಬರು "ಬಿನ್ ಲಾಡೆನ್ ಸತ್ತಾಗ ನಿಮ್ಮ ಕಡೆಯವರಿಗೆ ಏನನ್ನಿಸಿತು" ಎಂದು ಕೇಳಿದರು, ಉತ್ತರವೇ ತೋಚಲಿಲ್ಲ ಅಂತ ಬರೆದಿದ್ದೀರಿ. ಇಲ್ಲಿ ಇಂಥದಕ್ಕೆಲ್ಲ ಏನು ಹೇಳಬೇಕು ಎಂದೂ ಕೇಳಿದ್ದೀರಿ. ನಾನು ಆಗ ಇಲ್ಲೇ ಇದ್ದೆ. ನನಗೆ ಅನ್ನಿಸಿದ್ದನ್ನು ಇದ್ದ ಹಾಗೆ ಹೇಳುತ್ತೇನೆ.

2011ರ ಮೇ 1, ಭಾನುವಾರ. ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಅಧ್ಯಕ್ಷ ಒಬಾಮ ಟಿ.ವಿ.ಯಲ್ಲಿ ಬಂದು, ಅಮೆರಿಕದ ಪಡೆ ಬಿನ್ ಲಾಡೆನ್‌ನನ್ನು ಕೊಂದ ಸುದ್ದಿ ಹೇಳಿದರು. ಮೊದಲು ಆದದ್ದು ನೆಮ್ಮದಿ, ಅದರಲ್ಲಿ ಮುಚ್ಚುಮರೆಯಿಲ್ಲ. ಅವನ ಕಡೆಯವರು 2001ರ ಸೆಪ್ಟೆಂಬರ್ 11ರಂದು ಮಾಡಿದ ದಾಳಿಯಲ್ಲಿ ಸತ್ತ 2,977 ಜನರಲ್ಲಿ ನಮ್ಮ ನ್ಯೂಜೆರ್ಸಿಯವರೇ 700ಕ್ಕೂ ಹೆಚ್ಚು. ನೀವು ದಿನಾ ಹತ್ತುವ ಪಾಥ್ ರೈಲಿನಲ್ಲೇ ಹೋಗಿ, ಅಂದು ಬಿದ್ದ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರಗಳ ಅಡಿಯ ನಿಲ್ದಾಣದಲ್ಲಿ ಇಳಿಯುತ್ತಿದ್ದವರು ಎಷ್ಟೋ ಮಂದಿ. ಭಾರತದಿಂದ ಬಂದವರೂ ಅವರಲ್ಲಿದ್ದರು. ಮುಂಬೈ ದಾಳಿಯಾಗಿ ಆಗಿನ್ನೂ ಮೂರು ವರ್ಷ ಆಗಿರಲಿಲ್ಲ. ಅದನ್ನು ಮಾಡಿದ ಸಂಘಟನೆ ಬೇರೆ, ಆದರೂ ಬಿನ್ ಲಾಡೆನ್ ಅಬೋಟಾಬಾದಿನಲ್ಲಿ, ಪಾಕಿಸ್ತಾನದ ಸೇನಾ ಅಕಾಡೆಮಿಯ ಪಕ್ಕದಲ್ಲೇ ವರ್ಷಗಟ್ಟಲೆ ಅಡಗಿದ್ದನೆಂದು ಗೊತ್ತಾದಾಗ ಊರಿಂದ ಬಂದ ಫೋನುಗಳಲ್ಲೆಲ್ಲ ಅದೇ ಸಿಟ್ಟು.

ಆದರೆ ಶ್ವೇತಭವನದ ಮುಂದೆ, ಗೋಪುರಗಳು ಬಿದ್ದ ಜಾಗವಾದ ಗ್ರೌಂಡ್ ಝೀರೋದಲ್ಲಿ ಹುಡುಗರು ಬಾವುಟ ಹಿಡಿದು "ಯು.ಎಸ್.ಎ." ಎಂದು ಕೂಗುತ್ತ ಕುಣಿಯುವುದನ್ನು ನೋಡಿದಾಗ ಮನಸ್ಸು ಹಿಂದೆ ಸರಿಯಿತು. ಅವರನ್ನು ದೂರುತ್ತಿಲ್ಲ, ಚಿಕ್ಕಂದಿನಿಂದ ಆ ಭಯದಲ್ಲೇ ಬೆಳೆದ ಮಕ್ಕಳು ಅವರು. ಅಮ್ಮ ಫೋನಿನಲ್ಲಿ "ಒಳ್ಳೇದೇ ಆಯ್ತು ಬಿಡು. ಆದ್ರೆ ಸಾವಿನ ಮುಂದೆ ಕುಣೀಬಾರ್ದಪ್ಪ" ಅಂದರು. ನನಗೂ ಹಾಗೇ ಅನ್ನಿಸಿತ್ತು. ಅವನ ಮೇಲೆ ಕನಿಕರ ಅಂತ ತಿಳಿಯಬೇಡಿ. ಹಿಡಿದು ತಂದು ಕೋರ್ಟಿನಲ್ಲಿ ನಿಲ್ಲಿಸಿದ್ದರೆ, ಮನೆಯವರನ್ನು ಕಳೆದುಕೊಂಡವರು ಅವನ ಮುಖ ನೋಡಿ ಮಾತಾಡಬಹುದಿತ್ತು. ಈಗಲೂ ನನ್ನ ಅಭಿಪ್ರಾಯ ಅದೇ.

ಇನ್ನೊಂದು ಕಾರಣ ನಮ್ಮಂಥವರಿಗೇ ಸೇರಿದ್ದು. 2001ರ ದಾಳಿಯಾದ ನಾಲ್ಕನೇ ದಿನ ಅರಿಜೋನಾದ ಮೇಸಾದಲ್ಲಿ, ಭಾರತದಿಂದ ಬಂದ ಸಿಖ್ಖರಾದ ಬಲಬೀರ್ ಸಿಂಗ್ ಸೋಧಿಯವರನ್ನು ಅವರ ಪೆಟ್ರೋಲ್ ಬಂಕಿನ ಮುಂದೆಯೇ ಗುಂಡಿಕ್ಕಿ ಕೊಂದರು. ತಲೆಗೆ ಮುಂಡಾಸು, ಗಡ್ಡ, ಅಷ್ಟೇ ಸಾಕಾಗಿತ್ತು. ಡಲ್ಲಾಸ್ ಸುತ್ತಮುತ್ತ ಮಾರ್ಕ್ ಸ್ಟ್ರೋಮನ್ ಎಂಬವನು ಸೇಡು ಎಂದು ಹೇಳಿಕೊಂಡು ಮೂವರಿಗೆ ಗುಂಡು ಹೊಡೆದ. ಪಾಕಿಸ್ತಾನ ಮೂಲದ ಒಬ್ಬರು, ಭಾರತ ಮೂಲದ ಒಬ್ಬರು ಸತ್ತರು. ಬಾಂಗ್ಲಾದೇಶದ ರೈಸ್ ಭುಯಿಯಾನ್ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡು ಬದುಕಿದರು. ಸ್ಟ್ರೋಮನ್‌ಗೆ ಮರಣದಂಡನೆಯಾದದ್ದು 2011ರ ಜುಲೈ 20ರಂದು, ಬಿನ್ ಲಾಡೆನ್ ಸತ್ತು ಮೂರು ತಿಂಗಳೊಳಗೆ. ಅದನ್ನು ನಿಲ್ಲಿಸಿ ಎಂದು ಕೋರ್ಟಿಗೆ ಹೋದವರು ಈ ಭುಯಿಯಾನ್. ಗುಂಡು ತಿಂದವರೇ, ಹೊಡೆದವನ ಜೀವ ಉಳಿಸಿ ಎಂದು ಬೇಡಿದರು, ಉಳಿಯಲಿಲ್ಲ. ಆ ಬೇಸಿಗೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಅವರೇ. ಮರುವರ್ಷ ಆಗಸ್ಟಿನಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರಕ್ಕೆ ಬಂದೂಕು ಹಿಡಿದು ಬಂದವನೊಬ್ಬ ಆರು ಜನರನ್ನು ಕೊಂದ. ಬಿನ್ ಲಾಡೆನ್ ಹೋದ ಮಾತ್ರಕ್ಕೆ ನಮ್ಮನ್ನು ಅನುಮಾನದಿಂದ ನೋಡುವುದು ನಿಂತಿರಲಿಲ್ಲ.

ಹಾಗಾಗಿ ಆಫೀಸಿನಲ್ಲಿ ಮತ್ತೆ ಯಾರಾದರೂ ಕೇಳಿದರೆ, ನಿಷ್ಠೆ ತೋರಿಸಬೇಕೆಂದು ಇಲ್ಲದ ಸಂಭ್ರಮ ತಂದುಕೊಳ್ಳಬೇಡಿ. 2001ರಲ್ಲಿ ನಮ್ಮವರು ಎಷ್ಟೋ ಜನ ಕಾರಿಗೆ, ಅಂಗಡಿಗೆ ಬಾವುಟ ಅಂಟಿಸಿಕೊಂಡರು, ಕೆಲವರು ಪ್ರೀತಿಯಿಂದ, ಕೆಲವರು ಹೆದರಿಕೆಯಿಂದ. ನೀವು ಹೆದರಿಕೊಂಡು ಉತ್ತರ ಕೊಡುವುದು ಬೇಡ. ನಿಮಗೆ ಆಗ ಏನನ್ನಿಸಿತೋ ಅದನ್ನೇ ಹೇಳಿ, ಆಮೇಲೆ "ಆ ದಿನ ನೀವೆಲ್ಲಿದ್ದಿರಿ" ಅಂತ ಅವರನ್ನೂ ಕೇಳಿ. ಈ ಭಾಗದಲ್ಲಿ ಬಹಳಷ್ಟು ಜನರಿಗೆ ಆ ದಿನ ಹೋದವರು ಯಾರಾದರೂ ಗೊತ್ತಿರುತ್ತಾರೆ. ಜರ್ಸಿ ಸಿಟಿಯ ಲಿಬರ್ಟಿ ಸ್ಟೇಟ್ ಪಾರ್ಕಿನಲ್ಲಿ 'ಎಂಪ್ಟಿ ಸ್ಕೈ' ಸ್ಮಾರಕವಿದೆ, ಎರಡು ಉದ್ದನೆಯ ಉಕ್ಕಿನ ಗೋಡೆಗಳ ಮೇಲೆ ನ್ಯೂಜೆರ್ಸಿಯವರ ಹೆಸರು ಕೆತ್ತಿದ್ದಾರೆ. ಒಂದು ಶನಿವಾರ ಹೋಗಿ ಬನ್ನಿ. ಆ ಪ್ರಶ್ನೆ ಕೇಳಿದವರು ಬರುತ್ತೇನೆಂದರೆ ಅವರನ್ನೂ ಕರೆದುಕೊಂಡು ಹೋಗಿ.