ವಾಪಸ್ ಬಂದ ಮಂಗಳದ್ರವ್ಯ

ಪ್ರಶ್ನೆ: ನನಗೆ 43 ವರ್ಷ, ಬೆಂಗಳೂರಿನಲ್ಲಿ ಕೆಲಸ. ಅಕ್ಕ ತಿಪಟೂರಿನಲ್ಲಿದ್ದಾಳೆ, ತಂಗಿ ಪುಣೆಯಲ್ಲಿ. ಅಪ್ಪ ನಮ್ಮ ಜೊತೆಗಿದ್ದಾರೆ. ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ಮಂಗಳದ್ರವ್ಯ ಕಳಿಸುವ ಕೆಲಸವನ್ನು ಅಮ್ಮನೇ ನೋಡಿಕೊಳ್ಳುತ್ತಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು. ಕಳೆದ ಸಲ ವರ್ಷಾಬ್ದಿಕ ಆಗಿರಲಿಲ್ಲವಾದ್ದರಿಂದ ನಮ್ಮಲ್ಲಿ ಹಬ್ಬವಿರಲಿಲ್ಲ. ಈ ಸಲ ಹದಿನೈದು ದಿನ ಮೊದಲೇ ಇಬ್ಬರಿಗೂ ಮೊಬೈಲಿನಲ್ಲಿ ತಲಾ 5,000 ರೂಪಾಯಿ ಹಾಕಿ, ‘ಅರಿಶಿನ ಕುಂಕುಮಕ್ಕೆ’ ಎಂದು ಬರೆದೆ. ತಂಗಿ ಖುಷಿಪಟ್ಟಳು. ಅಕ್ಕ ಹತ್ತು ನಿಮಿಷದಲ್ಲಿ ಹಣ ವಾಪಸ್ ಹಾಕಿದಳು. ಫೋನ್ ಮಾಡಿದರೆ ‘ನನಗೇನೂ ಬೇಡ, ನೀವು ಚೆನ್ನಾಗಿರಿ’ ಎನ್ನುತ್ತಾಳೆ. ನಮ್ಮ ನಡುವೆ ಜಗಳವಿಲ್ಲ. ಅಮ್ಮನ ಹೆಸರಿನಲ್ಲಿದ್ದ ಊರಿನ ಮನೆಯನ್ನು ನನ್ನ ಹೆಸರಿಗೆ ಮಾಡಿಸುವಾಗಲೂ ಎಲ್ಲರೂ ತಕರಾರಿಲ್ಲದೆ ಸಹಿ ಹಾಕಿದರು. ಆಗ ಇಬ್ಬರಿಗೂ ಸೀರೆ, ತಲಾ 50,000 ರೂಪಾಯಿ ಕೊಟ್ಟಿದ್ದೇನೆ. ‘ಅಷ್ಟು ಕೊಟ್ಟ ಮೇಲೂ ಇನ್ನೇನು ಮುನಿಸು’ ಎಂದು ನನ್ನ ಹೆಂಡತಿಗೆ ಬೇಸರ. ಮೊತ್ತ ಕಡಿಮೆಯಾಯಿತೇ? ಹತ್ತು ಸಾವಿರ ಕಳಿಸಲೇ, ಸುಮ್ಮನಿದ್ದುಬಿಡಲೇ?

ಉತ್ತರ: ಹತ್ತು ಸಾವಿರ ಕಳಿಸಬೇಡಿ. ಅದು ಐದೇ ನಿಮಿಷದಲ್ಲಿ ವಾಪಸ್ ಬರುತ್ತದೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಬ್ಬದ ವಿಷಯ ಬರೆಯುತ್ತಾ ಬರೆಯುತ್ತಾ, ಊರಿನ ಮನೆಯ ಸಹಿಯನ್ನು ನಡುವೆ ತೂರಿಸಿ ಮುಂದೆ ಹೋಗಿದ್ದೀರಿ. ಪಾಯಸದಲ್ಲಿ ಕಲ್ಲು ಸಿಕ್ಕಂತೆ ನನಗೆ ಅದೇ ಹಲ್ಲಿಗೆ ಸಿಕ್ಕಿತು. ಸಹಿಯ ದಿನ ಕೊಟ್ಟ ಐವತ್ತು ಸಾವಿರಕ್ಕೆ ನೀವು ಯಾವ ಹೆಸರಿಟ್ಟಿದ್ದಿರಿ? ‘ಅರಿಶಿನ ಕುಂಕುಮಕ್ಕೆ ಇಟ್ಟುಕೊಳ್ಳಿ’ ಎಂದೇ ಹೇಳಿರುತ್ತೀರಿ ಎಂಬುದು ನನ್ನ ಊಹೆ. ನಮ್ಮ ಕಡೆ ಉಪನೋಂದಣಾಧಿಕಾರಿ ಕಚೇರಿಯ ಮೆಟ್ಟಿಲ ಮೇಲೆ ಹೆಣ್ಣುಮಕ್ಕಳ ಕೈಗೆ ಬರುವ ಹಣಕ್ಕೆಲ್ಲ ಅದೊಂದೇ ಹೆಸರು. ಈಗ ಮೊಬೈಲಿನಲ್ಲಿ ಅದೇ ಎರಡು ಪದ ಮತ್ತೆ ಬಂದಿವೆ. ಅಕ್ಕನಿಗೆ ಆ ಮೆಟ್ಟಿಲು ನೆನಪಾಗಿದ್ದರೆ ಅದನ್ನು ಮುನಿಸು ಎಂದು ತಳ್ಳಿಹಾಕಲು ನನಗಂತೂ ಬಾಯಿ ಬರುವುದಿಲ್ಲ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳ ಪಾಲು ಎಂದರೆ 2005ರ ತಿದ್ದುಪಡಿಯಿಂದ ಬಂದದ್ದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ತಾಯಿಯ ಹೆಸರಿನ ಸ್ವಂತ ಆಸ್ತಿಗೆ ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಉಯಿಲಿನ ಮಾತನ್ನು ನೀವು ಎತ್ತಿಲ್ಲ. ಅದು ಇಲ್ಲದಿದ್ದರೆ ಆ ಮನೆಯಲ್ಲಿ ನಾಲ್ಕನೇ ಒಂದು ಭಾಗ ಅಕ್ಕನದಾಗಿತ್ತು. ಅದನ್ನು ಅವರು ನಿಮಗೆ ಬಿಟ್ಟುಕೊಟ್ಟರು. ಈ ಸಂಸಾರದಲ್ಲಿ ಇತ್ತೀಚೆಗೆ ನಡೆದ ದೊಡ್ಡ ಉಡುಗೊರೆ ಅದು, ಕೊಟ್ಟವರು ಅಕ್ಕ. ನಿಮ್ಮ ಮನೆಯವರು ‘ಅಷ್ಟು ಕೊಟ್ಟ ಮೇಲೂ’ ಎನ್ನುವಾಗ ಈ ಬಾಬ್ತು ಲೆಕ್ಕದ ಪುಸ್ತಕದಲ್ಲೇ ಇಲ್ಲ.

ಹಾಗೆಂದು ಅಕ್ಕನ ಮನಸ್ಸೆಲ್ಲ ಆಸ್ತಿಯಲ್ಲೇ ಇದೆ ಎಂದು ನಾನು ಹೇಳುತ್ತಿಲ್ಲ. ಇನ್ನೊಂದು ವಿಷಯವಿದೆ, ಅದು ಗಂಡಸರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ.

ಭಾದ್ರಪದ ಶುದ್ಧ ತದಿಗೆಯ ದಿನ ಬಾಗಿನ ಕಟ್ಟುವುದನ್ನು ಹತ್ತಿರ ಕುಳಿತು ನೋಡಿದ್ದೀರಾ? ಬಿದಿರಿನ ಮೊರಗಳನ್ನು ತೊಳೆದು, ಅರಿಶಿನ ಹಚ್ಚಿ ಒಣಗಿಸುತ್ತಾರೆ. ಒಂದು ಮೊರದಲ್ಲಿ ಅಕ್ಕಿ, ಬೇಳೆಗಳು, ಬೆಲ್ಲದ ಅಚ್ಚು, ತೆಂಗಿನಕಾಯಿ, ರವಿಕೆಯ ಕಣ, ಬಳೆ, ಕರಿಮಣಿ, ಪುಟ್ಟ ಕನ್ನಡಿ, ಬಾಚಣಿಗೆ ಜೋಡಿಸಿ ಇನ್ನೊಂದು ಮೊರವನ್ನು ಮೇಲೆ ಮುಚ್ಚುತ್ತಾರೆ. ಕೊಡುವಾಗ ಮೊರದ ಮೇಲೆ ಸೆರಗು ಹಾಕಿ ಹಿಡಿಯುತ್ತಾರೆ. ಇಷ್ಟು ಬಾಗಿನಗಳಲ್ಲಿ ಒಂದು ತಾಯಿಗೆಂದೇ ಮೀಸಲು. ಅಮ್ಮ ತೀರಿಕೊಂಡ ಮೇಲೆ ಅಕ್ಕನ ತವರಿನ ಕಡೆ ಹಬ್ಬ ಮತ್ತೆ ಶುರುವಾಗುತ್ತಿರುವುದು ಈ ವರ್ಷ. ಆ ಒಂದು ಜೋಡಿ ಮೊರವನ್ನು ಯಾರ ಕೈಗೆ ಕೊಡುವುದು ಎಂದು ಅಕ್ಕ ಯೋಚಿಸುತ್ತಿರುವ ಹೊತ್ತಿಗೆ ನಿಮ್ಮ ಐದು ಸಾವಿರ ಟಿಣ್ ಎಂದು ಬಂದು ಬಿದ್ದಿದೆ.

ಹಣ ಕಳಿಸುವುದನ್ನು ನಾನು ಹಳಿಯುತ್ತಿಲ್ಲ. ನಮ್ಮ ಅಣ್ಣನೂ ಕಳಿಸುತ್ತಿದ್ದ, ಮನಿ ಆರ್ಡರಿನಲ್ಲಿ, 51 ರೂಪಾಯಿ. ಅಂಚೆಯಣ್ಣ ಫಾರಮಿನ ತುದಿಯನ್ನು ಹರಿದು ಕೈಗೆ ಕೊಡುತ್ತಿದ್ದ. ಆ ಬೆರಳಗಲದ ಚೀಟಿಯಲ್ಲಿ ಅಣ್ಣನ ಕೋಳಿಕಾಲಿನ ಅಕ್ಷರ: ‘ಎಮ್ಮೆ ಕರು ಹಾಕಿದೆ. ಹಿತ್ತಲ ಸೀಬೆಮರ ಬಿತ್ತು. ದೀಪಾವಳಿಗೆ ಬಾ.’ ಹಣ ಬಳೆ ಅಂಗಡಿಗೆ ಹೋಯಿತು, ಚೀಟಿಗಳು ನನ್ನ ಟ್ರಂಕಿನಲ್ಲಿವೆ. ಹಳೆಯ ಮನಿ ಆರ್ಡರನ್ನು ಅಂಚೆ ಇಲಾಖೆ 2015ರಲ್ಲಿ ನಿಲ್ಲಿಸಿತು. ನಿಮ್ಮ ಮೊಬೈಲಿನಲ್ಲೂ ನಾಲ್ಕು ಸಾಲು ಬರೆಯಲು ಜಾಗವಿತ್ತಲ್ಲವೇ? ‘ಬಾ’ ಎಂಬ ಪದ ನಿಮ್ಮ ಪತ್ರದಲ್ಲಿ ಎಲ್ಲಿಯೂ ನನಗೆ ಕಾಣಲಿಲ್ಲ.

ಉತ್ತರ ಕರ್ನಾಟಕದಲ್ಲಿ ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆಂದು ಹೆಣ್ಣುಮಕ್ಕಳು ದಾರಿ ಕಾಯುತ್ತಾರೆ. ಉಂಡಿ, ಜೋಕಾಲಿ ಎಲ್ಲ ಆಮೇಲೆ. ಹಳೇ ಮೈಸೂರಿನ ಮನೆಗಳಲ್ಲಿ ಅದೇ ನಾಗರಪಂಚಮಿಯ ದಿನ ಅಕ್ಕತಂಗಿಯರು ಒಡಹುಟ್ಟಿದವರ ಬೆನ್ನಿಗೆ ಹಾಲೆರೆದು ಬೆನ್ನು ತಣ್ಣಗಿರಲಿ ಎಂದು ಹರಸುತ್ತಾರೆ. ಬೆನ್ನು ಕೊಡಲು ತಮ್ಮ ಎದುರಿಗೇ ಕುಳಿತಿರಬೇಕು, ಮೊಬೈಲಿಗೆ ಹಾಲೆರೆಯಲು ಬರುವುದಿಲ್ಲ. ದೀಪಾವಳಿಯ ಯಮದ್ವಿತೀಯದ ಕಥೆಯಲ್ಲಂತೂ ಸಾಕ್ಷಾತ್ ಯಮಧರ್ಮನೇ ತಂಗಿ ಯಮುನೆಯ ಮನೆಗೆ ಊಟಕ್ಕೆ ಹೋಗುತ್ತಾನೆ. ಅವನ ಕೆಲಸದಲ್ಲಿ ರಜೆ ಸಿಗುವುದು ಎಷ್ಟು ಕಷ್ಟ ಎಂದು ಯೋಚಿಸಿ. ನಿಮಗಾದರೋ, ಬೆಳಿಗ್ಗೆ ಅರಸೀಕೆರೆ ಕಡೆಯ ರೈಲು ಹತ್ತಿದರೆ ಊಟದ ಹೊತ್ತಿಗೆ ತಿಪಟೂರು.

ಆದ್ದರಿಂದ ಹಬ್ಬಕ್ಕೆ ಮುಂಚಿನ ಭಾನುವಾರ ಹೊರಡಿ. ಅಪ್ಪನನ್ನು ಕರೆದುಕೊಂಡು ಹೋಗಿ. ಅವರು ಬಾಗಿಲಲ್ಲಿ ನಿಂತರೆ ಅರ್ಧ ಮಾತು ಮುಗಿದಂತೆ. ಊಟವಾದ ಮೇಲೆ ಅಕ್ಕನ ಹತ್ತಿರ ಕುಳಿತು ಮನೆಯ ಮಾತನ್ನು ನೀವೇ ಎತ್ತಿ: ‘ಅಂದು ಅವಸರದಲ್ಲಿ ಸಹಿ ಹಾಕಿಸಿಕೊಂಡೆ, ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಲಿಲ್ಲ. ಈಗ ಹೇಳಕ್ಕ.’ ಅವರು ‘ಅದೆಲ್ಲ ಬಿಡೋ’ ಎನ್ನಬಹುದು. ಒಂದು ಸಲಕ್ಕೆ ಒಪ್ಪಿಕೊಂಡು ಎದ್ದುಬಿಡಬೇಡಿ. ನೋಂದಣಿಯಾದ ಹಕ್ಕು ಬಿಡುಗಡೆ ಪತ್ರದಿಂದ ಅವರು ತಾವಾಗಿ ಹಿಂದೆ ಸರಿಯುವುದು ಸುಲಭವಲ್ಲ. ಆದರೆ ನೀವು ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮನೆಯ ಬೆಲೆ ಕಟ್ಟಿಸಿ ಅವರ ಭಾಗವನ್ನು ಕಂತಿನಲ್ಲಾದರೂ ಕೊಡಬಹುದು. ಅಥವಾ ಮುಂದೆ ಮಾರಿದರೆ ಪಾಲು ಕೊಡುತ್ತೇನೆಂದು ಬರೆದುಕೊಡಬಹುದು. ವಕೀಲರೊಬ್ಬರನ್ನು ಕೇಳಿ. ತಂಗಿಗೂ ಇದೇ ಮಾತು. ಖುಷಿಪಟ್ಟಳು ಎಂದು ಅವಳ ಲೆಕ್ಕ ಮುಗಿದಿಲ್ಲ.

ಇನ್ನು ನಿಮ್ಮ ಮನೆಯವರ ಬೇಸರ. ಅವರಿಗೂ ತವರಿದ್ದರೆ, ಅಲ್ಲಿಂದ ಮಂಗಳದ್ರವ್ಯ ಬಂದಾಗ ಮೊದಲು ಏನು ನೋಡುತ್ತಾರೆ, ಹಣವನ್ನೋ, ತಂದವರನ್ನೋ ಎಂದು ಕೇಳಿ ನೋಡಿ. ಅವರನ್ನೂ ತಿಪಟೂರಿಗೆ ಹೊರಡಿಸಿ. ತಾಯಿ ಇಲ್ಲವಾದ ಮೇಲೆ ಆ ಮೀಸಲು ಬಾಗಿನ ತವರಿನ ಸೊಸೆಯ ಕೈಗೆ ಹೋಗುವುದನ್ನು ನಾನು ಕೆಲವು ಮನೆಗಳಲ್ಲಿ ಕಂಡಿದ್ದೇನೆ. ಕೊಡುವುದು ಬಿಡುವುದು ಅಕ್ಕನ ಇಷ್ಟ. ಆದರೆ ಕೊಡಬೇಕೆನ್ನಿಸಿದರೆ ಪಡೆಯುವವರು ಎದುರಿಗಿರಬೇಕಲ್ಲ.

ಬರಿಗೈಯಲ್ಲಿ ಹೋಗಬೇಡಿ. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಈಗಾಗಲೇ ಮೊರಗಳ ರಾಶಿ ಬಿದ್ದಿರುತ್ತದೆ. ಬಿದಿರು ಹಸಿರಾಗಿರುವುದನ್ನು ಆರಿಸಿ, ಜೋಡಿ ಲೆಕ್ಕದಲ್ಲಿ ಕೊಳ್ಳಿ. ಒಂಟಿ ಮೊರ ಹಿಡಿದು ಹೋಗಿ ಅಕ್ಕನಿಂದ ಬೈಸಿಕೊಂಡ ತಮ್ಮಂದಿರನ್ನು ನಾನು ಬಲ್ಲೆ.